ಒಪ್ಪದ ಸಿನಿಮಾ ಇಷ್ಟವಾಗುವುದೇಕೆ?

ತಾಂಡ್ಯ, ನಂಜನಗೂಡಿನ ಕಡೆ ‘ನಂಜುಂಡಿ’ ಎಂದರೆ ನಂಜುಂಡೇಶ್ವರ. ಸಿನಿಮಾ ಪ್ರಿಯರಿಗೆ 1989ರ ‘ನಂಜುಂಡಿ ಕಲ್ಯಾಣ’ವೂ ನೆನಪಾಗುತ್ತದೆ. ರಾಘವೇಂದ್ರ ರಾಜ್‌ಕುಮಾರ್, ಮಾಲಾಶ್ರೀ ನಟಿಸಿದ ಈ ಚಿತ್ರಕ್ಕೆ ಪರ್ವತವಾಣಿಯವರ ‘ಬಹದ್ದೂರ್ ಗಂಡ’ ನಾಟಕ ಆಧಾರ. ಅದಕ್ಕೆ ಷೇಕ್ಸ್‌ಪಿಯರ್‌ನ ‘ದಿ ಟೇಮಿಂಗ್ ಆಫ್ ದ ಶ್ರೂ’ ಮೂಲ. ಸೊಕ್ಕಿನ ಹೆಂಡತಿಯನ್ನು ಗಂಡ ‘ಪಳಗಿಸುವ’ ಕಥೆ. ಗಂಡು-ಹೆಣ್ಣು ಸಮಾನರು ಎನ್ನುವ ನಾವೂ ಅದನ್ನು ನಗುತ್ತಾ ನೋಡುತ್ತೇವೆ. ಹಾಗಾದರೆ ನಮ್ಮ ನಂಬಿಕೆ ಸುಳ್ಳೇ?

ಅಲ್ಲ. ನಂಬಿಕೆ ಒಂದು, ನಡೆ ಇನ್ನೊಂದಾದಾಗ ಆಗುವ ಕಸಿವಿಸಿಯನ್ನು ಮನೋವಿಜ್ಞಾನಿ ಲಿಯಾನ್ ಫೆಸ್ಟಿಂಜರ್ 1957ರಲ್ಲಿ ವಿವರಿಸಿದರು. ಕಸಿವಿಸಿ ಆಗುತ್ತಿದೆ ಎಂದರೆ ನಂಬಿಕೆ ಇನ್ನೂ ಉಳಿದಿದೆ. ಹಾಡು, ಹಾಸ್ಯ, ಹಳೆಯ ನೆನಪು ಕೊಡುವ ಖುಷಿ ಕಥೆಯ ನೀತಿಗೆ ಕೊಟ್ಟ ಒಪ್ಪಿಗೆಯಲ್ಲ.

ಆದರೆ ‘ಬರೀ ಸಿನಿಮಾ ತಾನೆ’ ಎನ್ನುವುದೂ ಪೂರ್ತಿ ನಿಜವಲ್ಲ. ಕಥೆಯಲ್ಲಿ ಹೆಚ್ಚು ಮುಳುಗಿದವರಿಗೆ ಅದರ ತಪ್ಪುಗಳು ಕಡಿಮೆ ಕಾಣುತ್ತವೆ, ಅವರು ಅದರ ನಿಲುವಿನತ್ತ ವಾಲುತ್ತಾರೆ ಎಂದು ಮೆಲನಿ ಗ್ರೀನ್ ಮತ್ತು ತಿಮೊತಿ ಬ್ರಾಕ್ 2000ರಲ್ಲಿ ತೋರಿಸಿದರು. ಕಸಿವಿಸಿ ಕಳೆದುಕೊಳ್ಳಲು ‘ಅವಳಿಗೆ ಹಾಗೇ ಆಗಬೇಕಿತ್ತು’ ಎಂದು ಸಮರ್ಥಿಸತೊಡಗಿದರೆ ಅಪಾಯ.

ಸಿನಿಮಾ ನೋಡುವುದನ್ನು ಬಿಡಬೇಕಿಲ್ಲ. ಮುಗಿದ ಮೇಲೆ ಮಕ್ಕಳನ್ನು ಕೇಳೋಣ: ಗಂಡನೇ ಸೊಕ್ಕಿನವನಾಗಿದ್ದರೆ ಅವನನ್ನು ಯಾರು ಪಳಗಿಸುತ್ತಿದ್ದರು?