ಪಡುವಣ ಪತ್ರ – ಒಂದೇ ಚಾಪೆಯ ಕನ್ನಡಿಗರು



ಹಬ್ಬ-ಸಮಾರಂಭಗಳಿಗೆಂದು ಅಬುಧಾಬಿಗೆ ಬಂದಾಗಲೆಲ್ಲ ಯಾರಾದರೂ ಹೊಸಬರು ನಮ್ಮನ್ನು ಕೇಳುವುದು ಎರಡೇ ಪ್ರಶ್ನೆ. "ರುವೈಸಾ? ಅದೆಲ್ಲಿ ಬರುತ್ತೆ ಮೇಡಂ?" ಎನ್ನುವುದು ಮೊದಲನೆಯದು. "ಅಲ್ಲಿ ಹೊತ್ತು ಹೇಗೆ ಹೋಗುತ್ತೆ?" ಎನ್ನುವುದು ಎರಡನೆಯದು. ಮೊದಲನೆಯದಕ್ಕೆ ಉತ್ತರ ಸುಲಭ. ಅಬುಧಾಬಿಯಿಂದ ಸೌದಿ ಗಡಿಯತ್ತ ಹೋಗುವ ಇ-11 ಹೆದ್ದಾರಿ ಹಿಡಿದು, ತರೀಫ್, ಮಿರ್ಫಾ ಎಲ್ಲ ದಾಟಿ, ಸುಮಾರು 240 ಕಿಲೋಮೀಟರ್ ಬಂದರೆ ನಮ್ಮೂರು. ಬಲಕ್ಕೆ ಸಮುದ್ರ, ಎಡಕ್ಕೆ ಮರಳು. ದುಬೈಯವರಿಗಾದರೆ ಇನ್ನೂ ನೂರು ಕಿಲೋಮೀಟರಿಗಿಂತ ಹೆಚ್ಚು ಸೇರಿಸಿಕೊಳ್ಳಿ! ಎರಡನೆಯ ಪ್ರಶ್ನೆಗೆ ನಿಂತ ನಿಲುವಿನಲ್ಲಿ ಉತ್ತರ ಹೇಳಲಾಗದು. ಅದಕ್ಕೇ ಈ ಸಲದ ಪತ್ರ.

ನಮ್ಮೂರು ತಾನಾಗಿ ಬೆಳೆದ ಊರಲ್ಲ, ಕಟ್ಟಿಸಿದ ಊರು. 1981ರಲ್ಲಿ ಇಲ್ಲಿ ತೈಲ ಶುದ್ಧೀಕರಣ ಘಟಕ ಶುರುವಾದಾಗ ಅದರ ಸಾಮರ್ಥ್ಯ ದಿನಕ್ಕೆ 1,20,000 ಬ್ಯಾರಲ್. ಈಗ ಅದು 8 ಲಕ್ಷ ಬ್ಯಾರಲನ್ನೂ ಮೀರಿದೆ. ಅದರ ಬೆನ್ನಿಗೆ ಅನಿಲದ ಘಟಕ, ಯೂರಿಯಾ ಕಾರ್ಖಾನೆ, ಬೊರೂಜ್‌ನ ಪ್ಲಾಸ್ಟಿಕ್ ಕಾರ್ಖಾನೆ ಎಲ್ಲ ಬಂದವು. ಅಲ್ಲಿ ದುಡಿಯುವವರ ಸಂಸಾರಗಳಿಗೆಂದು ಕಂಪನಿ ಕಟ್ಟಿಸಿದ ವಸತಿಯೇ ನಾವಿರುವ ಊರು. ಮನೆ ಕಂಪನಿಯದು, ಆಸ್ಪತ್ರೆ ಕಂಪನಿಯದು, ಪಾರ್ಕಿನ ಹುಲ್ಲೂ ಕಂಪನಿ ನೀರು ಹಾಯಿಸಿ ಬೆಳೆಸಿದ್ದು. ರಾತ್ರಿ ಬಾಲ್ಕನಿಯಲ್ಲಿ ನಿಂತರೆ ದೂರದಲ್ಲಿ ಫ್ಲೇರ್‌ನ ಜ್ವಾಲೆ. ಹೊಸದಾಗಿ ಬಂದವರು ಎಲ್ಲೋ ಬೆಂಕಿ ಬಿದ್ದಿದೆಯೆಂದು ಗಾಬರಿಯಾಗುತ್ತಾರೆ. ವರ್ಷ ಕಳೆಯುವಷ್ಟರಲ್ಲಿ ಅದು ದೇವರ ಮನೆಯ ನಂದಾದೀಪದಷ್ಟೇ ರೂಢಿಯಾಗಿಬಿಡುತ್ತದೆ. ನಮ್ಮ ಮಕ್ಕಳಿಗೆ ರೈಲು ಎಂದರೂ ಗಂಧಕದ ರೈಲೇ. ಶಾಹ್ ಮತ್ತು ಹಬ್ಶಾನ್‌ನಿಂದ ಗಂಧಕ ಹೊತ್ತು ಇಲ್ಲಿಗೆ ಬರುವ ಎತಿಹಾದ್ ಗೂಡ್ಸ್ ಗಾಡಿ 2016ರಿಂದ ಪೂರ್ಣವಾಗಿ ಓಡುತ್ತಿದೆ.

ಇಲ್ಲಿ ಗುಟ್ಟೆಂಬುದು ಉಳಿಯುವುದಿಲ್ಲ. ಯಾರ ಮನೆಗೆ ಹೊಸ ಕಾರು ಬಂತು, ಯಾರ ಅತ್ತೆಗೆ ವಿಸಿಟ್ ವೀಸಾ ಸಿಕ್ಕಿತು, ಯಾರ ಮಗನಿಗೆ ಗಣಿತದಲ್ಲಿ ಎಷ್ಟು ಅಂಕ ಎಂಬುದೆಲ್ಲ ತರಕಾರಿ ಆರಿಸುವ ಹೊತ್ತಿಗೆ ಗೊತ್ತಾಗಿರುತ್ತದೆ. ಬೆಳಿಗ್ಗೆ ಜಗಳವಾಡಿದವರ ಎದುರು ಸಂಜೆ ವಾಕಿಂಗ್‌ನಲ್ಲಿ ಬಂದೇ ಬರಬೇಕು. ಇರುವ ದಾರಿಯೇ ಅಷ್ಟು! ನಗರದಲ್ಲಾದರೆ ಒಬ್ಬರು ಬೇಸರವಾದರೆ ಇನ್ನೊಬ್ಬರು. ಇಲ್ಲಿ ಮುನಿಸಿಕೊಳ್ಳುವುದೂ ದುಬಾರಿ.

ಕಾಲ ಲೆಕ್ಕ ಹಾಕುವುದು ಕ್ಯಾಲೆಂಡರಿನಿಂದಲ್ಲ, ಶಿಫ್ಟಿನಿಂದ. 2022ರ ಜನವರಿಯಿಂದ ದೇಶಕ್ಕೆಲ್ಲ ಶನಿವಾರ-ಭಾನುವಾರ ರಜೆಯಾದರೂ ಶಿಫ್ಟಿನವರಿಗೆ ಯಾವ ವಾರವೂ ಒಂದೇ. ಗಣೇಶ ಚೌತಿಗೆ ಎಲ್ಲ ಗಂಡಸರೂ ಮನೆಯಲ್ಲಿದ್ದ ವರ್ಷ ನನಗೆ ನೆನಪಿಲ್ಲ. ಘಟಕದ 'ಷಟ್‌ಡೌನ್' ಬಂತೆಂದರೆ ವಾರಗಟ್ಟಲೆ ಅವರ ಮುಖ ಕಾಣುವುದೇ ಊಟದ ಡಬ್ಬಿ ತೊಳೆಯಲು ಇಡುವಾಗ. ಆಗ ಹೆಂಗಸರು, ಮಕ್ಕಳು ಸೇರಿಯೇ ಹಬ್ಬ ಮಾಡುತ್ತೇವೆ.

ಈಗ ನಾನು ಹೇಳಬೇಕೆಂದಿರುವ ವಿಷಯಕ್ಕೆ ಬರುತ್ತೇನೆ. ಅಬುಧಾಬಿ, ದುಬೈ, ಶಾರ್ಜಾಗಳಲ್ಲಿ ಕನ್ನಡಿಗರಿಗೆ ಕೊರತೆಯಿಲ್ಲ. ತುಳುವರಿಗೆ ತುಳು ಕೂಟ, ಕೊಂಕಣಿಯವರಿಗೆ ಕೊಂಕಣಿ ಬಳಗ, ಬ್ಯಾರಿಗಳಿಗೆ ಬ್ಯಾರಿ ವೇದಿಕೆ, ಜಾತಿಗೊಂದು, ಮಠಕ್ಕೊಂದು, ಊರಿಗೊಂದು ಸಂಘ. ತಪ್ಪೆಂದು ನಾನು ಹೇಳುವುದಿಲ್ಲ. ಜನ ಹೆಚ್ಚಿದ್ದಾಗ ತಮ್ಮವರನ್ನು ಹುಡುಕಿಕೊಳ್ಳುವುದು ಸಹಜ. ಆದರೆ ನಮ್ಮೂರಿನಲ್ಲಿ ನಮ್ಮ ಒಡನಾಟದ ಕನ್ನಡ ಮನೆಗಳನ್ನು ಬೆರಳಲ್ಲಿ ಎಣಿಸಬಹುದು. ಪುತ್ತೂರಿನ ಬ್ಯಾರಿ ಮನೆಯೊಂದು, ಉಡುಪಿಯ ತುಳು ಮನೆಯೊಂದು, ಧಾರವಾಡದವರು, ಮಡಿಕೇರಿಯವರು, ಕಾಸರಗೋಡಿನ ಕಡೆಯವರು, ಮತ್ತೆ ನಾವು. ಒಂದೇ ಚಾಪೆ ಹಾಸಿದರೆ ಎಲ್ಲರೂ ಹಿಡಿಸುತ್ತೇವೆ. ಎರಡನೆಯ ಚಾಪೆ ಹಾಸಿದರೆ ಎರಡರಲ್ಲೂ ಜನವಿರುವುದಿಲ್ಲ!

ಹೀಗಾಗಿ ಇಲ್ಲಿ ಕನ್ನಡಕ್ಕೆ ಅದರ ನಿಜವಾದ ಕೆಲಸ ಸಿಕ್ಕಿದೆ. ಮನೆಯೊಳಗೆ ಅವರದು ಬ್ಯಾರಿ, ಇವರದು ತುಳು, ಅತ್ತ ಕೊಡವ ತಕ್ಕ್. ಹೊಸ್ತಿಲು ದಾಟಿದ ಮೇಲೆ ಎಲ್ಲರನ್ನೂ ಸೇರಿಸುವುದು ಕನ್ನಡವೇ. ರಂಜಾನಿನಲ್ಲಿ ಪುತ್ತೂರಿನ ಮನೆಯಿಂದ ನಮ್ಮಲ್ಲಿಗೆ ತಟ್ಟೆ ಬರುತ್ತದೆ. ಯುಗಾದಿಗೆ ಅದೇ ತಟ್ಟೆಯಲ್ಲಿ ಹೋಳಿಗೆ ಹೋಗುತ್ತದೆ. ಊರಿಂದ ಯಾರೋ ಕೆಸುವಿನೆಲೆ ತಂದರೆ ಪತ್ರೊಡೆ ಎಲ್ಲ ಮನೆಗೂ ಹಂಚಿಕೆಯಾಗುತ್ತದೆ. ಒಬ್ಬೊಬ್ಬರಿಗೆ ಎರಡೇ ತುಂಡು ಸಿಕ್ಕಿದರೂ ಸರಿ.

ಕಂಪನಿ ಊರಿನಲ್ಲಿ ಮುದುಕರಿರುವುದಿಲ್ಲ. ಕೆಲಸವಿರುವವರೆಗೆ ಮನೆ. ಅಜ್ಜ-ಅಜ್ಜಿಯರೇನಿದ್ದರೂ ಚಳಿಗಾಲದ ಅತಿಥಿಗಳು. ಒಮ್ಮೆ ಧಾರವಾಡದ ಮನೆಗೆ ಅವರ ತಾಯಿ ಮೂರು ತಿಂಗಳಿಗೆ ಬಂದಿದ್ದರು. ವಾರದೊಳಗೆ ಅವರು ಊರಿನ ಎಲ್ಲ ಮಕ್ಕಳ ಅಜ್ಜಿಯಾದರು. ಪಾರ್ಕಿನ ಕಲ್ಲುಬೆಂಚಿನ ಮೇಲೆ ಕೂತು, "ಬರ್ರಿ ಇಲ್ಲೆ, ಕತಿ ಹೇಳ್ತೀನಿ" ಎಂದರೆ ಸೈಕಲ್‌ಗಳೆಲ್ಲ ನಿಲ್ಲುತ್ತಿದ್ದವು. ಅವರು ಹೊರಟು ಹೋದ ಮೇಲೂ ಎಷ್ಟೋ ದಿನ ನಮ್ಮ ಮಗಳು ನನ್ನನ್ನು "ಹೌದ್ರೀ ಅಮ್ಮ" ಎನ್ನುತ್ತಿದ್ದಳು. ಅದನ್ನು ಯಾವ ಪಠ್ಯಪುಸ್ತಕದಿಂದ ಕಲಿಸಲು ಸಾಧ್ಯ, ಹೇಳಿ?

ಇದೆಲ್ಲ ಸಿಹಿಯಾದ ಭಾಗ. ಕಹಿಯೂ ಇದೆ. ಚಿಕ್ಕ ಊರಿನಲ್ಲಿ ಒಂದು ಸಂಸಾರ ಹೊರಟಿತೆಂದರೆ ಒಂದು ಮನೆ ಖಾಲಿಯಾದಷ್ಟೇ ಅಲ್ಲ, ನಮ್ಮ ಕನ್ನಡದ ಆರನೇ ಒಂದು ಪಾಲು ಹೊರಟಂತೆ. ಕಳೆದ ಬೇಸಿಗೆಯಲ್ಲಿ ಮಡಿಕೇರಿಯವರು ಕೆಲಸ ಮುಗಿಸಿ ಊರಿಗೆ ಮರಳಿದರು. ಕೀಲಿಕೈ ಕಂಪನಿಗೆ, ಗ್ರೈಂಡರ್ ಉಡುಪಿಯವರಿಗೆ, ಕುಂಡದಲ್ಲಿದ್ದ ಕರಿಬೇವು ನನಗೆ. ಇಲ್ಲಿನ ಉಪ್ಪು ನೆಲದಲ್ಲಿ ಕರಿಬೇವು ಏಳುವುದು ಕಷ್ಟ. ಕುಂಡಕ್ಕೆ ಮಣ್ಣು ಹೊಂದಿಸಿ ಉಳಿಸಿಕೊಂಡ ಗಿಡ ಅದು, ಅವರಿಗೂ ಹಿಂದಿನವರು ಯಾರೋ ಕೊಟ್ಟು ಹೋದದ್ದು. ಜೊತೆಗೆ ಒಂದು ರಟ್ಟಿನ ಪೆಟ್ಟಿಗೆ ತುಂಬ ಕನ್ನಡ ಪುಸ್ತಕ. ತೇಜಸ್ವಿ, ತ್ರಿವೇಣಿ, ಭೈರಪ್ಪ, ಹಳೆಯ ಮಯೂರದ ಸಂಚಿಕೆಗಳು. ಕೆಲವು ಪುಸ್ತಕಗಳ ಮೊದಲ ಪುಟದಲ್ಲಿ ಮೂರು-ನಾಲ್ಕು ಹೆಸರುಗಳಿವೆ. ಅವರಲ್ಲಿ ಇಬ್ಬರನ್ನು ನಾನು ಕಂಡೇ ಇಲ್ಲ.

ಈ ನೋವು ನನಗೆ ಹೊಸದಲ್ಲ. ನಾನು ಹುಟ್ಟಿ ಬೆಳೆದದ್ದು ಕುದುರೆಮುಖದ ಕಾಲೊನಿಯಲ್ಲಿ. ಒಂದು ವಿಚಿತ್ರ ನೋಡಿ: ಆ ಊರು ಎದ್ದದ್ದೇ ಈ ಕೊಲ್ಲಿಯ ಆಚೆ ದಡದಲ್ಲಿರುವ ಇರಾನ್‌ಗಾಗಿ. ಇರಾನಿನ ಉಕ್ಕಿನ ಕಾರ್ಖಾನೆಗಳಿಗೆ ಅದಿರು ಕೊಡುವ ಒಪ್ಪಂದವಾಗಿ, 1976ರಲ್ಲಿ ಕಂಪನಿ ಸ್ಥಾಪನೆಯಾಯಿತು. 1979ರಲ್ಲಿ ಅಲ್ಲಿ ಕ್ರಾಂತಿಯಾಗಿ ಒಪ್ಪಂದ ಮುರಿದರೂ, ಅದಿರು 67 ಕಿಲೋಮೀಟರ್ ಕೊಳವೆಯಲ್ಲಿ ಮಂಗಳೂರಿಗೆ ಇಳಿಯುತ್ತಲೇ ಇತ್ತು. ಕೊನೆಗೆ ಕಾಡಿನ ಹಿತಕ್ಕಾಗಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಂತೆ 2005ರ ಡಿಸೆಂಬರ್ 31ಕ್ಕೆ ಗಣಿ ನಿಂತಿತು. ಕಾಡಿಗೆ ಒಳ್ಳೆಯದೇ ಆಯಿತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮಳೆಗಾಲದಲ್ಲಿ ನಾವು ಕೊಡೆ ಹಿಡಿದು ಓಡಾಡಿದ ಬೀದಿಗಳಲ್ಲಿ ಈಗ ಖಾಲಿ ಮನೆಗಳ ಗೋಡೆಗೆ ಪಾಚಿ ಕಟ್ಟಿದೆ. "ನಿನ್ನ ಊರು ತೋರಿಸಮ್ಮ" ಎಂದ ಮಗಳಿಗೆ ತೋರಿಸಲು ನನ್ನ ಬಳಿ ಒಂದು ಬೇಲಿ ಹಾಕಿದ ಬಾಗಿಲು ಮಾತ್ರ ಇತ್ತು.

ಊರು ಹೋದರೂ ಊರಿನವರು ಹೋಗಲಿಲ್ಲ ಎಂಬುದೇ ಸಮಾಧಾನ. ಕಾಲೊನಿಯ ಮದುವೆ-ಮುಂಜಿಗಳಿಗೆ ಈಗಲೂ ಕರೆ ಬರುತ್ತದೆ. ತಮಿಳಿನ ಮಾಮಿ, ಬಂಗಾಳದ ದೀದಿ, ಬಯಲುಸೀಮೆಯ ಚಿಕ್ಕಪ್ಪ ಎಲ್ಲ ಕನ್ನಡದಲ್ಲೇ ಕುಶಲ ಕೇಳುತ್ತಾರೆ. ಅವರೂ ಆ ಕಾಲದಲ್ಲಿ ಒಂದೇ ಚಾಪೆಯಲ್ಲಿ ಕೂತವರೇ. ಇಲ್ಲಿಯೂ ಅಷ್ಟೇ. ಮನೆ ನಮ್ಮದಲ್ಲ, ನೆಲ ನಮ್ಮದಲ್ಲ. ಹೊರಡುವಾಗ ಕಟ್ಟಿಕೊಂಡು ಹೋಗಬಹುದಾದದ್ದು ಸಂಬಂಧ ಮತ್ತು ಭಾಷೆ, ಎರಡೇ.

ಭಾಷೆಯ ವಿಷಯಕ್ಕೆ ಒಂದು ಮಾತು. ನಮ್ಮ ಮಕ್ಕಳಿಗೆ ಶಾಲೆಯಲ್ಲಿ ಅರೇಬಿಕ್ ಇದೆ, ಹಿಂದಿ ಇದೆ, ಕನ್ನಡವಿಲ್ಲ. ದುಬೈಯಲ್ಲಿ ಕನ್ನಡ ಪಾಠಶಾಲೆ ನಡೆಯುತ್ತಿರುವುದು ಬಹಳ ಸಂತೋಷ. ಆದರೆ ವಾರಕ್ಕೊಮ್ಮೆ ಹೋಗಿಬರಲು ಏಳುನೂರು ಕಿಲೋಮೀಟರ್ ಆಗುವ ಮಾತೇ? ಅದಕ್ಕೆ ನಾವು ತಾಯಂದಿರು ಸರದಿಯಲ್ಲಿ ಒಬ್ಬೊಬ್ಬರ ಮನೆಯಲ್ಲಿ ವಾರಕ್ಕೊಂದು ಗಂಟೆ ಅಕ್ಷರ ತಿದ್ದಿಸುತ್ತೇವೆ. ಈ ವರ್ಷ ಐದು ಮಕ್ಕಳು. ಅವರಲ್ಲಿ ಚೆನ್ನಾಗಿ ಓದುವವನು ಪುತ್ತೂರಿನ ಮನೆಯ ಹುಡುಗ. ಒತ್ತಕ್ಷರದಲ್ಲಿ ನನ್ನ ಮಗಳನ್ನು ತಿದ್ದುವವನೂ ಅವನೇ!

ರುವೈಸ್ ಬೆಳೆಯುತ್ತಿದೆ. 2020ರಲ್ಲಿ ಘೋಷಣೆಯಾದ ರಾಸಾಯನಿಕ ಕೈಗಾರಿಕಾ ವಲಯ, 2024ರಲ್ಲಿ ಅಂತಿಮ ಒಪ್ಪಿಗೆ ಸಿಕ್ಕ ಎಲ್‌ಎನ್‌ಜಿ ಯೋಜನೆ, ಪಶ್ಚಿಮಕ್ಕೆ ಸ್ವಲ್ಪ ದೂರದ ಬರಾಕಾ ಅಣುವಿದ್ಯುತ್ ಸ್ಥಾವರ – ಇವುಗಳಿಂದ ಈ ಕಡೆ ಹೊಸ ಸಂಸಾರಗಳು ಬರಲಿವೆ. ಅದಕ್ಕೆ ಸಂಘದ ಬಂಧುಗಳಲ್ಲಿ ಎರಡು ಕೋರಿಕೆ. ನಿಮ್ಮ ಪರಿಚಯದ ಕನ್ನಡಿಗರು ಯಾರಾದರೂ ಈ ಕಡೆ ಕೆಲಸಕ್ಕೆ ಬರುತ್ತಿದ್ದರೆ, ಅವರು ಯಾವ ಜಿಲ್ಲೆ, ಯಾವ ಮನೆಮಾತು ಎಂದು ವಿಚಾರಿಸದೆ ನಮಗೆ ಒಂದು ಸುದ್ದಿ ಮುಟ್ಟಿಸಿ. ಮೊದಲ ದಿನದ ಊಟ ನಮ್ಮ ಮನೆಯಲ್ಲಿ. ಎರಡನೆಯದು, ವರ್ಷಕ್ಕೊಮ್ಮೆಯಾದರೂ ಸಂಘದ ಒಂದು ಪುಟ್ಟ ಕಾರ್ಯಕ್ರಮ ಇಲ್ಲಿ ಆಗಲಿ. ನವೆಂಬರಿನ ಮಂಜಿನಲ್ಲಿ ಮಕ್ಕಳನ್ನು ಕಟ್ಟಿಕೊಂಡು ಹೆದ್ದಾರಿಯಲ್ಲಿ ಬರುವುದು ನಮಗೆ ಅಭ್ಯಾಸವಾಗಿದೆ. ಒಮ್ಮೆ ನೀವೂ ಬನ್ನಿ. ವೇದಿಕೆ, ಮೈಕು, ಹಾರ-ತುರಾಯಿ ಏನೂ ಬೇಡ. ಚಾಪೆ ನಾವು ಹಾಸುತ್ತೇವೆ.

ಎಲ್ಲರಿಗೂ ಕನ್ನಡ ರಾಜ್ಯೋತ್ಸವದ ಶುಭಾಶಯಗಳು. ಮುಂದಿನ ಸಂಚಿಕೆಯಲ್ಲಿ ಮತ್ತೆ ಭೇಟಿಯಾಗೋಣ.