ಗಗನಸಖಿಯ ಉಸಿರಿಗೆ ಲೆಕ್ಕವಿಡುವವರು ಯಾರು?

ಹಂಚಿನ ಕಾರ್ಖಾನೆಯ ಹೊಗೆ, ಅಕ್ಕಿ ಗಿರಣಿಯ ಉಮಿ ಧೂಳು, ಗೇರುಬೀಜ ಹುರಿಯುವಾಗ ಕಣ್ಣುರಿಸುವ ಹಬೆ, ಬೀಡಿ ಕಟ್ಟುವ ತಾಯಂದಿರ ಮೂಗಿಗೇರುವ ಹೊಗೆಸೊಪ್ಪಿನ ಪುಡಿ, ಇವುಗಳ ಬಗ್ಗೆ ಬರೆಯಬೇಕಾದ ಪತ್ರಿಕೆ ವಿಮಾನದ ವಿಷಯಕ್ಕೇಕೆ ಕೈ ಹಾಕಿತು ಎಂದು ಓದುಗರು ಕೇಳಬಹುದು. ವಿಮಾನದಲ್ಲಿ ಕುಳಿತು ಹೋಗುವವರು ಬೇರೆ, ಅಲ್ಲಿ ನಿಂತು ದುಡಿಯುವವರು ಬೇರೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಸಾಮಾನ್ಯ ಮನೆಗಳ ಮಕ್ಕಳು ಕಾಲೇಜು ಮುಗಿಸಿ ಆ ಕೆಲಸಕ್ಕೆ ಸೇರುತ್ತಿರುವ ಕಾಲವಿದು. ತಾಯಿ ಬೀಡಿ ಕಟ್ಟಿ ಓದಿಸಿದ ಮಗಳು ಆಕಾಶದಲ್ಲಿ ಚಹಾ ಕೊಡುತ್ತಾಳೆ. ಅವಳಿಗೆ ನಾವು ‘ಗಗನಸಖಿ’ ಎಂದು ಹೆಸರಿಟ್ಟಿದ್ದೇವೆ. ಹೆಸರೇನೋ ಚಂದ. ಆದರೆ ಸಖಿಯಾದವಳಿಗೆ ಪಾಳಿಯಿಲ್ಲ, ಕೂಲಿಯಿಲ್ಲ, ಕಸುಬಿನ ಕಾಯಿಲೆಯಿಲ್ಲ. ಕಾರ್ಮಿಕಳಾದವಳಿಗೆ ಈ ಮೂರೂ ಉಂಟು.

ಜೆಟ್ ವಿಮಾನ ಮೂವತ್ತು ಸಾವಿರ ಅಡಿಗೂ ಮೇಲೆ ಹಾರುತ್ತದೆ. ಅಲ್ಲಿಯ ಗಾಳಿ ಬಹಳ ತೆಳು. ಒಳಗಿನವರು ಬದುಕಬೇಕಾದರೆ ಗಾಳಿಯನ್ನು ಒತ್ತಿ ತುಂಬಬೇಕು. ಅದಕ್ಕೆ ಬೇರೆ ಯಂತ್ರವಿಡುವ ಬದಲು, ಎಂಜಿನ್ನಿನಲ್ಲಿ ಇಂಧನ ಉರಿಯುವ ಜಾಗಕ್ಕೆ ಮುಂಚೆ ಗಾಳಿಯನ್ನು ಒತ್ತುವ ಭಾಗದಿಂದಲೇ ಒಂದಿಷ್ಟನ್ನು ಕೊಳವೆಯಲ್ಲಿ ತೆಗೆದು, ತಣಿಸಿ, ಒಳಕ್ಕೆ ಬಿಡುತ್ತಾರೆ. ಅದೇ ಎಂಜಿನ್ನಿನ ಬೇರಿಂಗುಗಳಿಗೆ ಎಣ್ಣೆ ಬೇಕು. ಎಣ್ಣೆ ಗಾಳಿಯ ಕಡೆಗೆ ಸೋರದಂತೆ ಸೀಲುಗಳಿವೆ. ಸೀಲು ಎಂಬುದು ಸೋರುವ ತನಕ ಮಾತ್ರ ಸೀಲು. ಗಿರಣಿಯ ಮೇಸ್ತ್ರಿಗಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಸೋರಿದ ಎಣ್ಣೆ ಕಾದ ಗಾಳಿಗೆ ಬಿದ್ದು ಹೊಗೆಯಾಗಿ ಒಳಗೆ ಬರುತ್ತದೆ. ಕೆಲವೊಮ್ಮೆ ಹೊಗೆಯೇ ಕಾಣುವುದಿಲ್ಲ, ಬೆವರಿದ ಕಾಲುಚೀಲದಂಥ ವಾಸನೆ ಮಾತ್ರ ಇರುತ್ತದೆ. ತಲೆ ತಿರುಗುವುದು, ವಾಕರಿಕೆ, ಕಣ್ಣುರಿ, ಎದೆ ಬಿಗಿತ, ಕೈ ನಡುಕ, ಮರೆವು, ಇವು ಇಂಥ ಹೊಗೆ ಕುಡಿದ ಸಿಬ್ಬಂದಿ ಹೇಳುವ ಲಕ್ಷಣಗಳು. ಒಳಗಿನ ಗಾಳಿ ಶೋಧಿಸುವ ಜಾಲರಿ ಧೂಳನ್ನೂ ರೋಗಾಣುವನ್ನೂ ಹಿಡಿಯುತ್ತದೆ, ಅನಿಲವನ್ನು ಹಿಡಿಯುವುದಿಲ್ಲ.

೧೯೫೧ರಲ್ಲಿ ಬಜ್ಪೆಗೆ ಬಂದಿಳಿದ ಡಕೋಟಕ್ಕೆ ಈ ತಾಪತ್ರಯ ಇರಲಿಲ್ಲ. ಅದು ತಗ್ಗಿನಲ್ಲೇ ಹಾರುತ್ತಿತ್ತು, ಗಾಳಿ ಒತ್ತಿ ತುಂಬುವ ಗೋಜೇ ಅದಕ್ಕಿರಲಿಲ್ಲ. ೨೦೧೧ರಲ್ಲಿ ಸೇವೆಗೆ ಬಂದ ಬೋಯಿಂಗ್ ೭೮೭ ವಿಮಾನದಲ್ಲಿ ಎಂಜಿನ್ನಿನ ಗಾಳಿಯನ್ನು ಬಿಟ್ಟು, ವಿದ್ಯುತ್ತಿನಿಂದ ಓಡುವ ಬೇರೆ ಯಂತ್ರದಿಂದ ಹೊರಗಿನ ಗಾಳಿಯನ್ನೇ ಒತ್ತಿ ತುಂಬುತ್ತಾರೆ. ಅಂದರೆ ಬೇರೆ ದಾರಿ ಉಂಟು. ಆದರೆ ಮಂಗಳೂರಿಗೆ ಬಂದು ಹೋಗುವ ಬೋಯಿಂಗ್ ೭೩೭, ಏರ್‌ಬಸ್ ೩೨೦ ಜಾತಿಯವು ಹಳೆಯ ಪದ್ಧತಿಯವೇ.

ಈ ಎಣ್ಣೆಯಲ್ಲಿ, ಯಂತ್ರ ಸವೆಯದಿರಲೆಂದು, ಟ್ರೈಕ್ರೆಸಿಲ್ ಫಾಸ್ಫೇಟ್ ಎಂಬ ರಾಸಾಯನಿಕವನ್ನು ನೂರಕ್ಕೆ ಸುಮಾರು ಮೂರರಷ್ಟು ಬೆರೆಸುತ್ತಾರೆ. ವರ್ತಕ ಬಂಧುಗಳಿಗೆ ಇದರ ಚರಿತ್ರೆ ತಿಳಿದಿರಬೇಕು. ೧೯೫೯ರಲ್ಲಿ ಮೊರಾಕ್ಕೊ ದೇಶದಲ್ಲಿ ಕೆಲವು ವ್ಯಾಪಾರಿಗಳು ಅಮೆರಿಕದ ವಿಮಾನ ನೆಲೆಯಿಂದ ಹೊರಬಿದ್ದ ಎಂಜಿನ್ ಎಣ್ಣೆಯನ್ನು ಕೊಂಡು ಅಡುಗೆ ಎಣ್ಣೆಗೆ ಬೆರೆಸಿ ಮಾರಿದರು. ಸುಮಾರು ಹತ್ತು ಸಾವಿರ ಜನರಿಗೆ ಪಾರ್ಶ್ವವಾಯುವಿನಂತೆ ಕೈಕಾಲು ಬಿದ್ದುಹೋಯಿತು. ೧೯೮೮ರಲ್ಲಿ ಕಲ್ಕತ್ತೆಯ ಬೆಹಾಲದಲ್ಲಿ ಇದೇ ರಾಸಾಯನಿಕ ಬೆರೆತ ಎಣ್ಣೆ ತಿಂದು ನೂರಾರು ಮಂದಿ ಕಾಲು ಕಳೆದುಕೊಂಡರು. ನುಂಗುವ ಪ್ರಮಾಣವೂ ಉಸಿರಿನಲ್ಲಿ ಹೋಗುವ ಪ್ರಮಾಣವೂ ಒಂದಲ್ಲ ನಿಜ. ಅದನ್ನು ಒಂದೆಂದು ಹೇಳಿ ಜನರನ್ನು ಹೆದರಿಸುವುದು ನಮ್ಮ ಉದ್ದೇಶವೂ ಅಲ್ಲ.

ವಿಮಾನದ ಹೊಗೆಯಿಂದ ಬಹುಕಾಲದ ನರರೋಗ ಬರುತ್ತದೆಯೇ ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ಒಮ್ಮತವಿಲ್ಲ. ಬ್ರಿಟನ್ನಿನ ಕ್ರಾನ್‌ಫೀಲ್ಡ್ ವಿಶ್ವವಿದ್ಯಾಲಯ ನೂರು ಹಾರಾಟಗಳಲ್ಲಿ ಗಾಳಿಯನ್ನು ಅಳೆದು, ವಿಷಗಳ ಪ್ರಮಾಣ ಮಿತಿಯೊಳಗಿದೆ ಎಂದು ೨೦೧೧ರಲ್ಲಿ ಪ್ರಕಟಿಸಿತು. ವಿಮಾನ ಕಂಪನಿಗಳ ಕಡೆಯವರಿಗೆ ಇದು ಪ್ರಿಯವಾದ ವರದಿ. ಆದರೆ ಆ ನೂರು ಹಾರಾಟಗಳಲ್ಲಿ ಅಧಿಕೃತವಾಗಿ ದಾಖಲಿಸಬೇಕಾದಂಥ ಹೊಗೆ ಒಮ್ಮೆಯೂ ಏಳಲಿಲ್ಲ. ಗಾಣ ನಿಂತ ದಿನ ಹೋಗಿ ಗಾಣದ ಸದ್ದನ್ನು ಅಳೆದು ಬಂದಂತೆ ಆಯಿತು. ಮಾಮೂಲಿ ವಿಮಾನಗಳಲ್ಲಿ ಈ ಹೊಗೆಯನ್ನು ಅಳೆಯುವ ಸಾಧನವನ್ನೇ ಇಟ್ಟಿಲ್ಲವಾದ್ದರಿಂದ ಹೊಗೆ ಎದ್ದ ದಿನದ ಲೆಕ್ಕ ಸಿಬ್ಬಂದಿಯ ಮೂಗಿನಲ್ಲಿದೆ, ಬೇರೆಲ್ಲೂ ಇಲ್ಲ. ಆ ಮೂಗಿನ ಸಾಕ್ಷಿಯನ್ನು ಕಂಪನಿ ಒಪ್ಪುವುದಿಲ್ಲ.

ಒಪ್ಪಿಸಲು ಎಷ್ಟು ಕಾಲ ಬೇಕೆಂಬುದಕ್ಕೆ ಆಸ್ಟ್ರೇಲಿಯದ ಜೋಆನ್ ಟರ್ನರ್ ಎಂಬ ಗಗನಸಖಿಯ ಮೊಕದ್ದಮೆ ನಿದರ್ಶನ. ೧೯೯೨ರ ಮಾರ್ಚಿಯಲ್ಲಿ ವಿಮಾನ ಇಳಿಯುತ್ತಿದ್ದಾಗ ಒಳಗೆ ಹೊಗೆ ತುಂಬಿತು. ಆಗ ಆಕೆ ಗರ್ಭಿಣಿ. ಅಂದು ಹಿಡಿದ ಕೆಮ್ಮು ಬಿಡಲಿಲ್ಲ. ಅದೇ ಜಾತಿಯ ವಿಮಾನಗಳ ಗಾಳಿಯ ಬಗ್ಗೆ ಆ ದೇಶದ ಸೆನೆಟ್ ಸಮಿತಿ ೨೦೦೦ದಲ್ಲಿ ವರದಿ ಕೊಟ್ಟಾಗಲೂ ಆಕೆಗೆ ನ್ಯಾಯ ಸಿಕ್ಕಿರಲಿಲ್ಲ. ೨೦೦೯ರಲ್ಲಿ ನ್ಯಾಯಮಂಡಳಿ ಸುಮಾರು ೧,೩೮,೦೦೦ ಡಾಲರ್ ಪರಿಹಾರ ಕೊಡಿಸಿತು. ಕಂಪನಿ ಮೇಲ್ಮನವಿಯ ಮೇಲೆ ಮೇಲ್ಮನವಿ ಹಾಕಿತು. ೨೦೧೦ರಲ್ಲಿ ಆ ದೇಶದ ಅತ್ಯುನ್ನತ ನ್ಯಾಯಾಲಯ ಬಾಗಿಲು ಮುಚ್ಚಿದ ಮೇಲೆಯೇ ಅದು ಮುಗಿದದ್ದು. ಹೊಟ್ಟೆಯಲ್ಲಿದ್ದ ಕೂಸು ಬೆಳೆದು ಮತದಾರನಾಗುವಷ್ಟು ವರ್ಷ!

ಗಾಳಿಯಲ್ಲಿ ಬಂದ ವಿಷಕ್ಕೆ ರುಜುವಾತು ತರುವುದೆಂದರೇನು ಎಂದು ಬೆಳ್ತಂಗಡಿ ತಾಲೂಕಿನವರನ್ನು ಕೇಳಬೇಕು. ಕೊಕ್ಕಡ, ಪಟ್ರಮೆ, ನಿಡ್ಲೆಯ ಕಡೆ ಸರ್ಕಾರಿ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಅದು ಬೇರೆ ಜಾತಿಯ ವಿಷ. ಆದರೆ ಜನ ಪಟ್ಟ ಪಾಡು ಒಂದೇ. ಇಂಥ ದಿನ, ಇಷ್ಟು ಔಷಧಿ, ಇಂಥವರ ಅಂಗಳದ ಮೇಲೆ ಬಿತ್ತು ಎಂಬ ಚೀಟಿ ಯಾವ ತಾಯಿಯ ಕೈಯಲ್ಲೂ ಇರಲಿಲ್ಲ. ಅವಳ ಬಳಿ ಇದ್ದದ್ದು ಏಳಲಾಗದ ಮಗು ಮಾತ್ರ. ಸರ್ಕಾರ ಪರಿಹಾರ ಘೋಷಿಸಿದ್ದು ೨೦೧೦ರಲ್ಲಿ, ಸುಪ್ರೀಂ ಕೋರ್ಟು ಆ ವಿಷವನ್ನು ದೇಶದಲ್ಲೇ ತಡೆದದ್ದು ೨೦೧೧ರಲ್ಲಿ. ಮಾಸಾಶನಕ್ಕಾಗಿ ಹೈಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. ಕೊಕ್ಕಡದ ಪಾಲನಾ ಕೇಂದ್ರಕ್ಕೆ ಒಮ್ಮೆ ಹೋಗಿ ಬಂದವರು, ವಿಷಯ ಇನ್ನೂ ಸಂಶೋಧನೆಯಲ್ಲಿದೆ ಎಂಬ ಮಾತನ್ನು ಸುಲಭವಾಗಿ ಆಡಲಾರರು.

ವಿಜ್ಞಾನಿಗಳು ತಮ್ಮ ಚರ್ಚೆಯನ್ನು ಸಾವಕಾಶವಾಗಿ ಮಾಡಲಿ. ಆದರೆ ರಕ್ತ ಕಾಯುವುದಿಲ್ಲ. ಹೊಗೆಯೊಡನೆ ಹೋದ ಕಾರ್ಬನ್ ಮೊನಾಕ್ಸೈಡ್ ಕೆಲವೇ ಗಂಟೆಗಳಲ್ಲಿ ರಕ್ತದಿಂದ ಅರ್ಧಕ್ಕರ್ಧ ಇಳಿದುಹೋಗುತ್ತದೆ. ಬೆರಳಿಗೆ ಸಿಕ್ಕಿಸುವ ಸಾಧನ ಈ ವಿಷವನ್ನು ಗುರುತಿಸದೆ ಎಲ್ಲ ಸರಿಯಿದೆ ಎಂದು ತೋರಿಸುತ್ತದೆ. ಮರುದಿನ ಊರಿನ ಡಾಕ್ಟರ ಬಳಿ ಹೋದವಳಿಗೆ ಸಿಗುವುದು ತಲೆನೋವಿನ ಮಾತ್ರೆ. ಹೊಗೆ ಕುಡಿದವರನ್ನು ಯಾವ ಹೊತ್ತಿನೊಳಗೆ, ಹೇಗೆ ಪರೀಕ್ಷಿಸಬೇಕೆಂಬ ಕ್ರಮವನ್ನು ಹಲವು ದೇಶಗಳ ವೈದ್ಯರೂ ವಿಜ್ಞಾನಿಗಳೂ ಸೇರಿ ೨೦೨೩ರಲ್ಲಿ ಪ್ರಕಟಿಸಿದ್ದಾರೆ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ತರಬೇತಿ ಮತ್ತು ವರದಿಯ ಬಗ್ಗೆ ೨೦೧೫ರಲ್ಲೇ ಸುತ್ತೋಲೆ ಹೊರಡಿಸಿದೆ.

ನಮ್ಮ ಕಾನೂನೂ ಬರಿಗೈಯಲ್ಲಿಲ್ಲ. ೧೯೨೩ರ ಪರಿಹಾರ ಕಾಯಿದೆಯ ಮೂರನೆಯ ಅನುಸೂಚಿಯಲ್ಲಿ ರಂಜಕ ಮತ್ತು ಅದರ ವಿಷಸಂಯುಕ್ತಗಳಿಂದ ಬರುವ ರೋಗವನ್ನು ಕಸುಬಿನ ಕಾಯಿಲೆಯೆಂದು ಬರೆದಿತ್ತು. ವಿಮಾನದ ಸಿಬ್ಬಂದಿಯೂ ಆ ಕಾಯಿದೆಯೊಳಗೆ ಸೇರಿದ್ದರು. ೨೦೨೫ರ ನವೆಂಬರಿನಲ್ಲಿ ಅದರ ಜಾಗಕ್ಕೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಆ ರೋಗದ ಹೆಸರು ಉಳಿದಿದೆ. ಫಾಸ್ಫೇಟ್ ಎಂದರೆ ರಂಜಕದ್ದೇ ಸಂಯುಕ್ತ. ಪಟ್ಟಿಯಲ್ಲಿ ಹೆಸರಿದ್ದರೆ ಸಾಲದು, ಹೊಗೆ ಎದ್ದದ್ದಕ್ಕೆ ಕಾಗದ ಬೇಕು.

ಆ ಕಾಗದವನ್ನು ಕೊಡುವ ಹೊಣೆ ವಿಮಾನದ ಧಣಿಯದ್ದೇ ಆಗಬೇಕು. ವಾಸನೆ ಬಂದ ಪ್ರತಿ ಹಾರಾಟವನ್ನೂ ಬರೆದಿಟ್ಟು ಸಿಬ್ಬಂದಿಗೆ ಅದರ ಪ್ರತಿ ಕೊಡುವುದನ್ನು, ಇಳಿದ ಹೊತ್ತಿಗೇ ನಿಲ್ದಾಣದಲ್ಲಿ ರಕ್ತ ತೆಗೆದು ಪರೀಕ್ಷಿಸುವುದನ್ನು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಕಡ್ಡಾಯ ಮಾಡಬೇಕು. ವಿಮಾನ ಸಿಬ್ಬಂದಿಯ ಸಂಪಾದನೆಯ ದೊಡ್ಡ ಪಾಲು ಹಾರಿದ ಗಂಟೆಗಳ ಭತ್ಯೆ. ಮಲಗಿದರೆ ಅದು ಹೋಯಿತು. ತುಂಡು ಕೂಲಿಯ ಕೆಲಸಗಾರ ಜ್ವರದಲ್ಲೂ ಏಕೆ ಕೆಲಸಕ್ಕೆ ಬರುತ್ತಾನೆಂದು ನಮ್ಮ ಓದುಗರಿಗೆ ಗೊತ್ತು. ಆದುದರಿಂದ ಹೊಗೆ ಕುಡಿದವರ ರಜೆಗೆ ಆ ಭತ್ಯೆಯೂ ಸೇರಿದ ಪೂರ್ತಿ ಸಂಬಳ ಸಲ್ಲಬೇಕು.

ಈ ಕೆಲಸದಲ್ಲಿ ಮಕ್ಕಳಿರುವ ಮನೆಯವರು ಅದುವರೆಗೆ ಕಾಯುತ್ತ ಕೂರಬೇಕಾಗಿಲ್ಲ. ಕೆಟ್ಟ ವಾಸನೆ ಬಂದ ದಿನ ತಾರೀಖು, ಹಾರಾಟದ ಸಂಖ್ಯೆ, ಹೊತ್ತು, ಜೊತೆಗಿದ್ದವರ ಹೆಸರು, ಮೈಗೆ ಏನಾಯಿತು ಎಂಬುದನ್ನು ಬರೆದು, ಅಂದೇ ರಕ್ತ ಕೊಟ್ಟು, ಅದರ ಒಂದು ಪ್ರತಿಯನ್ನು ಊರಿಗೆ ಕಳುಹಿಸಿಕೊಡುವಂತೆ ಇಂದೇ ತಿಳಿಸಲಿ.