ಹೊರನಾಡಿನಲ್ಲಿ ಬಿಡಾರ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ನಮ್ಮ ಹಿರಿಯರು. ಹುಟ್ಟಿದ ಊರಿನಲ್ಲಿಯೇ ಬಾಳಿ ಬದುಕಿದವರ ಅನುಭವದಿಂದ ಹೊರಟ ಮಾತು ಅದು. ಹೊಟ್ಟೆಪಾಡಿಗಾಗಿ ರಾಜ್ಯದ ಗಡಿಯನ್ನು ದಾಟಿ ಬಂದವನ ಪಾಡು ಅವರ ಕಣ್ಣಮುಂದೆ ಇದ್ದಿದ್ದರೆ, ಪರವೂರಿನಲ್ಲಿ ಬಾಡಿಗೆಗೆ ಮನೆ ಹಿಡಿದು ನೋಡು ಎಂಬ ಮೂರನೆಯ ಮಾತನ್ನೂ ಅವರು ಸೇರಿಸದೆ ಬಿಡುತ್ತಿರಲಿಲ್ಲ. ಕಟ್ಟುವವನಿಗೆ ನಿವೇಶನವಾದರೂ ತನ್ನದಾಗಿರುತ್ತದೆ. ಮದುವೆ ಮಾಡುವವನಿಗೆ ಬಂಧುಬಳಗದ ಬೆಂಬಲವಿರುತ್ತದೆ. ಹೊಸ ರಾಜ್ಯದಲ್ಲಿ ಬಾಡಿಗೆ ಮನೆಯನ್ನು ಹುಡುಕುವವನಿಗೆ ಇವೆರಡೂ ಇಲ್ಲ. ಆತನಿಗೆ ಊರು ಹೊಸದು, ಭಾಷೆ ಹೊಸದು, ಕಾನೂನೂ ಹೊಸದು.

ಪ್ರತಿ ವರ್ಷ ಬೇಸಗೆಯಿಂದ ಶಾಲೆಗಳು ತೆರೆಯುವವರೆಗಿನ ತಿಂಗಳುಗಳಲ್ಲಿ ಈ ಸಂಕಟಕ್ಕೆ ಒಳಗಾಗುವ ಕನ್ನಡಿಗರ ಸಂಖ್ಯೆ ಸಣ್ಣದಲ್ಲ. ವಿಜಯಾ ಬ್ಯಾಂಕು 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿಯೂ, ಕಾರ್ಪೊರೇಶನ್ ಬ್ಯಾಂಕು 2020ರ ಏಪ್ರಿಲ್ 1ರಂದು ಯೂನಿಯನ್ ಬ್ಯಾಂಕಿನಲ್ಲಿಯೂ ವಿಲೀನಗೊಂಡ ಮೇಲೆ, ಬೆಂಗಳೂರು ಮಂಗಳೂರುಗಳಲ್ಲಿದ್ದ ಪ್ರಧಾನ ಕಚೇರಿಗಳ ಕಾಲ ಮುಗಿದು, ಅಧಿಕಾರದ ಕೇಂದ್ರವು ಮುಂಬಯಿಗೆ ಬಂದಿತು. ಅದರೊಡನೆ ಬಂದ ಕುಟುಂಬಗಳಿವೆ. ಪುಣೆಯ ಹಿಂಜವಡಿಗೂ ಹೈದರಾಬಾದಿನ ಗಚ್ಚಿಬೌಲಿಗೂ ಕಂಪ್ಯೂಟರ್ ಉದ್ಯೋಗಕ್ಕಾಗಿ ಬರುವ ತರುಣ ತರುಣಿಯರಿದ್ದಾರೆ. ದಿಲ್ಲಿಗೆ ವರ್ಗವಾಗುವ ಕೇಂದ್ರ ಸರಕಾರದ ನೌಕರರಿದ್ದಾರೆ. ಇವರೆಲ್ಲರ ಮೊದಲನೆಯ ಪ್ರಶ್ನೆ ಒಂದೇ: ಎಲ್ಲಿ ಇರುವುದು?

ಮೊದಲು ಹಣದ ವಿಚಾರವನ್ನೇ ನೋಡೋಣ. ಮುಂಬಯಿಯ ಉಪನಗರವೊಂದರಲ್ಲಿ ತಿಂಗಳಿಗೆ 25,000 ರೂಪಾಯಿ ಬಾಡಿಗೆಯ ಮನೆಯೊಂದು ದೊರೆಯಿತೆನ್ನೋಣ. ನಾಲ್ಕು ತಿಂಗಳ ಠೇವಣಿ ಎಂದರೆ 1,00,000 ರೂಪಾಯಿ. ಮೊದಲ ತಿಂಗಳ ಬಾಡಿಗೆ 25,000. ದಲಾಲಿ ಒಂದು ತಿಂಗಳ ಬಾಡಿಗೆಯಷ್ಟು, ಅಂದರೆ ಮತ್ತೆ 25,000. ಲಾರಿಯ ಬಾಡಿಗೆ, ಹಮಾಲರ ಕೂಲಿ, ಮಕ್ಕಳ ಶಾಲೆಯ ಶುಲ್ಕಗಳನ್ನು ಬದಿಗಿಟ್ಟರೂ, ಹೊಸ ಊರಿನ ಮೊದಲ ಸಂಬಳ ಕೈಗೆ ಬರುವ ಮುನ್ನವೇ ಒಂದೂವರೆ ಲಕ್ಷ ರೂಪಾಯಿಗಳನ್ನು ಎಣಿಸಿ ಕೊಡಬೇಕು. ಇತ್ತ ಬೆಂಗಳೂರಿನ ಹಳೆಯ ಮನೆಯ ಮಾಲೀಕನ ಬಳಿ ಉಳಿದ ಹತ್ತು ತಿಂಗಳ ಮುಂಗಡವು ಬಣ್ಣದ ಖರ್ಚು, ರಿಪೇರಿಯ ಖರ್ಚು ಎಂದು ಕಡಿತಗೊಂಡು ಯಾವಾಗ ಮರಳುವುದೋ ಹೇಳಲಾಗದು. ಮಧ್ಯಮ ವರ್ಗದ ಎಷ್ಟೋ ಕುಟುಂಬಗಳು ಸಾಲದಲ್ಲಿಯೇ ಹೊಸ ಬಾಳನ್ನು ಆರಂಭಿಸುವುದು ಹೀಗೆ.

ಈ ವ್ಯವಸ್ಥೆ ಹೀಗೇಕೆ ಬೆಳೆಯಿತೆಂಬುದನ್ನು ಅರಿಯಲು ಸ್ವಲ್ಪ ಹಿಂದಿನ ಚರಿತ್ರೆಯನ್ನು ನೋಡಬೇಕು. 1947ರ ಮುಂಬಯಿ ಬಾಡಿಗೆ ನಿಯಂತ್ರಣ ಕಾಯಿದೆಯು ಬಾಡಿಗೆಯನ್ನು 1940ರ ಸೆಪ್ಟೆಂಬರ್ 1ರ ಮಟ್ಟಕ್ಕೆ ಕಟ್ಟಿಹಾಕಿತು. ಯುದ್ಧಕಾಲದ ಅಭಾವದಲ್ಲಿ ಬಡವನನ್ನು ರಕ್ಷಿಸಬೇಕೆಂಬ ಉದ್ದೇಶವು ಯೋಗ್ಯವಾದುದೇ. ಆದರೆ ಬೆಲೆಗಳೆಲ್ಲ ಏರುತ್ತಿರಲು ಬಾಡಿಗೆಯೊಂದೇ ಏರದೆ ನಿಂತುದರಿಂದ, ಚಾಳುಗಳನ್ನು ಕಟ್ಟುವವರು ಹಿಂಜರಿದರು. ಇದ್ದ ಕಟ್ಟಡಗಳ ದುರಸ್ತಿಯೂ ನಿಂತಿತು. ಬಾಡಿಗೆಯ ಮರೆಯಲ್ಲಿ ಪಗಡಿ ಎಂಬ ಗುಪ್ತ ವ್ಯವಹಾರವು ಬೇರೂರಿತು. ಕಾಯಿದೆಯಿಂದ ತಪ್ಪಿಸಿಕೊಳ್ಳಲು ಮಾಲೀಕರು ಬಾಡಿಗೆ ಎನ್ನುವುದನ್ನು ಬಿಟ್ಟು ‘ಲೀವ್ ಅಂಡ್ ಲೈಸೆನ್ಸ್’ ಎಂಬ ಪರವಾನಗಿಯ ಪದ್ಧತಿಯನ್ನು ಹಿಡಿದರು. 1973ರ ಫೆಬ್ರವರಿ 1ರಂದು ಅಂಥ ಪರವಾನಗಿಯ ಮೇಲೆ ವಾಸವಾಗಿದ್ದವರಿಗೂ ಬಾಡಿಗೆದಾರರ ಹಕ್ಕನ್ನು ಕಾನೂನಿನ ತಿದ್ದುಪಡಿಯು ದೊರಕಿಸಿತು. ಒಳಗಿದ್ದವರಿಗೆ ಅದು ವರವಾಯಿತು; ಹೊರಗಿನಿಂದ ಬರುವವರಿಗೆ ಶಾಪವಾಯಿತು. ಕೊಟ್ಟ ಮನೆ ಕೈಬಿಟ್ಟು ಹೋದೀತೆಂಬ ಭಯದಿಂದ, ಮನೆಗೆ ಬೀಗ ಹಾಕಿ ಇಟ್ಟುಕೊಳ್ಳುವುದೇ ಮೇಲೆಂದು ಬಹು ಮಂದಿ ಮಾಲೀಕರು ಬಗೆದರು. ಇಂದು ಹನ್ನೊಂದು ತಿಂಗಳಿಗೊಮ್ಮೆ ಕರಾರನ್ನು ಹೊಸದು ಮಾಡಿಸುವ ಮಾಲೀಕನ ಮನಸ್ಸಿನಲ್ಲಿ ಆ ಹಳೆಯ ಭಯ ಇನ್ನೂ ಉಳಿದಿದೆ.

2000ದ ಮಾರ್ಚ್ 31ರಿಂದ ಜಾರಿಗೆ ಬಂದ 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆಯು ಆ ಭಯವನ್ನು ಬಹುಮಟ್ಟಿಗೆ ನಿವಾರಿಸಿದೆ. ಪರವಾನಗಿಯ ಅವಧಿ ಮುಗಿದ ಮೇಲೂ ಮನೆಯನ್ನು ಬಿಡದವನು ಗೊತ್ತಾದ ಶುಲ್ಕದ ಇಮ್ಮಡಿಯನ್ನು ತೆರಬೇಕಾಗುತ್ತದೆ. ಇದು ಮಾಲೀಕನಿಗೆ ದೊರೆತ ರಕ್ಷಣೆ. ಬಾಡಿಗೆದಾರನಿಗೆ ದೊರೆತ ರಕ್ಷಣೆಯೂ ಅಷ್ಟೇ ಮಹತ್ವದ್ದು, ಆದರೆ ನಮ್ಮವರಲ್ಲಿ ಅದನ್ನು ತಿಳಿದವರು ವಿರಳ. ಈ ಕಾಯಿದೆಯ 55ನೆಯ ಕಲಮಿನ ಪ್ರಕಾರ ಕರಾರು ಬರೆಹದಲ್ಲಿರಬೇಕು, ನೋಂದಣಿಯಾಗಿರಬೇಕು. ನೋಂದಣಿಯ ಹೊಣೆ ಮಾಲೀಕನದು. ಅದನ್ನು ತಪ್ಪಿದರೆ ಮೂರು ತಿಂಗಳವರೆಗೆ ಸೆರೆವಾಸ, ಇಲ್ಲವೆ 5,000 ರೂಪಾಯಿಗಳವರೆಗೆ ದಂಡ, ಅಥವಾ ಎರಡೂ. ಅಷ್ಟೇ ಅಲ್ಲ, ನೋಂದಣಿಯಿಲ್ಲದ ಪಕ್ಷದಲ್ಲಿ ಷರತ್ತುಗಳ ವಿಷಯವಾಗಿ ವಿವಾದ ಹುಟ್ಟಿದರೆ, ವಿರುದ್ಧವಾದುದು ಸಿದ್ಧವಾಗುವವರೆಗೆ ಬಾಡಿಗೆದಾರನ ಮಾತೇ ನಿಲ್ಲುತ್ತದೆ. ಮುದ್ರಾಂಕ ಶುಲ್ಕವು ಶೇಕಡಾ ಕಾಲರಷ್ಟು ಮಾತ್ರ. ಮೇಲೆ ಹೇಳಿದ ಮನೆಗೆ ಹನ್ನೊಂದು ತಿಂಗಳ ಅವಧಿಗೆ ಅದು ಏಳುನೂರು ರೂಪಾಯಿಯ ಆಸುಪಾಸಿಗೆ ಬರುತ್ತದೆ. ನೋಂದಣಿಯ ಶುಲ್ಕವನ್ನು ಕೂಡಿಸಿದರೂ ದಲಾಲನಿಗೆ ಕೊಡುವುದರ ಅಲ್ಪಾಂಶವಷ್ಟೆ. ನೂರು ರೂಪಾಯಿಯ ಕಾಗದ ಸಾಕು, ನೋಂದಣಿಯೇಕೆ ಎಂದು ಸಲಹೆ ಕೊಡುವವರ ಮಾತಿಗೆ ಕಿವಿಗೊಡಬಾರದು. ಒಂದು ಲಕ್ಷ ರೂಪಾಯಿಗಳ ಠೇವಣಿಗೆ ಆಧಾರವಾಗಿ ಉಳಿಯುವುದು ಆ ಪತ್ರವೊಂದೇ. ಗ್ಯಾಸಿನ ಸಂಪರ್ಕಕ್ಕೂ, ಆಧಾರ್ ವಿಳಾಸದ ಬದಲಾವಣೆಗೂ ಕೈಗೆ ಬರುವುದೂ ಅದೇ.

ಒಂದು ರಾಜ್ಯದ ರೂಢಿ ಇನ್ನೊಂದರಲ್ಲಿ ಇಲ್ಲವೆಂಬುದನ್ನೂ ಗಮನಿಸಬೇಕು. ತಮಿಳುನಾಡಿನಲ್ಲಿ 2017ರ ಕಾಯಿದೆಯು 2019ರ ಫೆಬ್ರವರಿಯಲ್ಲಿ ಜಾರಿಗೆ ಬಂದಿದ್ದು, ಬೇರೆ ಒಪ್ಪಂದವಿಲ್ಲದ ಪಕ್ಷದಲ್ಲಿ ಮೂರು ತಿಂಗಳ ಬಾಡಿಗೆಗಿಂತ ಹೆಚ್ಚಿನ ಠೇವಣಿ ಸಲ್ಲದೆಂದು ಹೇಳುತ್ತದೆ. ದಿಲ್ಲಿಯ 1958ರ ಬಾಡಿಗೆ ನಿಯಂತ್ರಣ ಕಾಯಿದೆಯು ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಮನೆಗಳಿಗೆ ಅನ್ವಯಿಸುವುದೇ ಇಲ್ಲವಾದ್ದರಿಂದ, ಹೊಸಬನಿಗೆ ಅಲ್ಲಿ ಕರಾರುಪತ್ರವೇ ಶರಣು. ಕೇಂದ್ರ ಸಚಿವ ಸಂಪುಟವು 2021ರ ಜೂನ್ 2ರಂದು ಒಪ್ಪಿದ ಮಾದರಿ ಬಾಡಿಗೆ ಕಾಯಿದೆಯು ವಾಸದ ಮನೆಗೆ ಎರಡು ತಿಂಗಳ ಠೇವಣಿಯ ಮಿತಿಯನ್ನು ಸೂಚಿಸಿದೆ. ಆದರೆ ಅದು ಮಾದರಿ ಮಾತ್ರ. ರಾಜ್ಯವು ತನ್ನದಾಗಿ ಅಂಗೀಕರಿಸಿದ ಹೊರತು ಅದರ ಬಲ ಯಾರಿಗೂ ದೊರೆಯದು. ಪತ್ರಿಕೆಯಲ್ಲಿ ಅದರ ಸುದ್ದಿಯನ್ನು ಓದಿ ಮಾಲೀಕನೊಡನೆ ವಾದಕ್ಕೆ ನಿಲ್ಲುವವರು ಇದನ್ನು ಅರಿತಿರಬೇಕು.

ಮನೆ ನೋಡುವ ವಿಷಯದಲ್ಲಿಯೂ ಒಂದೆರಡು ಮಾತು ಅಪ್ರಸ್ತುತವಾಗಲಾರದು. ದೂರದಿಂದಲೇ ಚಿತ್ರಗಳನ್ನು ಮೆಚ್ಚಿ ಮುಂಗಡವನ್ನು ಕಳುಹಿಸುವುದು ಅಪಾಯಕ್ಕೆ ಆಹ್ವಾನ. ಸೈನ್ಯದ ಅಧಿಕಾರಿ ಎಂದು ಹೇಳಿಕೊಂಡು, ತನ್ನದಲ್ಲದ ಮನೆಯನ್ನು ತೋರಿಸಿ, ಫೋನಿನ ಮೂಲಕ ಹಣವನ್ನು ಸೆಳೆದುಕೊಂಡು ಮಾಯವಾಗುವ ವಂಚಕರಿದ್ದಾರೆ. ಮಾಲೀಕತ್ವದ ದಾಖಲೆಯನ್ನೂ ವಿದ್ಯುತ್ ಬಿಲ್ಲನ್ನೂ ನೋಡದೆ ಒಂದು ರೂಪಾಯಿಯನ್ನೂ ಕೊಡಬಾರದು. ಸಾಧ್ಯವಿದ್ದರೆ ಕುಟುಂಬವನ್ನು ಊರಿನಲ್ಲಿಯೇ ಇರಿಸಿ, ಮೊದಲ ಒಂದು ತಿಂಗಳನ್ನು ಖಾನಾವಳಿಯಲ್ಲಿಯೋ ಪರಿಚಿತರಲ್ಲಿಯೋ ಕಳೆದು, ಕಚೇರಿಗೆ ಹೋಗಿಬರುವ ಹಾದಿಯನ್ನು ತಾನೇ ಅನುಭವಿಸಿದ ಮೇಲೆ ಮನೆಯನ್ನು ಗೊತ್ತುಮಾಡುವುದು ಲೇಸು. ಬಾಡಿಗೆ ಕಡಿಮೆಯೆಂದು ನಾಲಾಸೋಪಾರದಲ್ಲಿಯೋ ಕಲ್ಯಾಣದಲ್ಲಿಯೋ ಮನೆ ಹಿಡಿಯುವವನು, ಲೋಕಲ್ ರೈಲಿನಲ್ಲಿ ಪ್ರತಿದಿನವೂ ತೆರಬೇಕಾದ ಗಂಟೆಗಳ ಬೆಲೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಮಳೆಗಾಲದಲ್ಲಿ ನೀರು ಎಲ್ಲಿಯವರೆಗೆ ಬರುತ್ತದೆಂಬುದನ್ನು ದಲಾಲನು ಹೇಳನು. ಎದುರಿನ ಅಂಗಡಿಯವನು ಹೇಳುತ್ತಾನೆ. 2005ರ ಜುಲೈ 26ರ ಮುಂಬಯಿಯನ್ನೂ, 2015ರ ಡಿಸೆಂಬರಿನ ಚೆನ್ನೈಯನ್ನೂ, 2020ರ ಅಕ್ಟೋಬರಿನ ಹೈದರಾಬಾದನ್ನೂ ಕಂಡವರು ಈ ಪ್ರಶ್ನೆಯನ್ನು ಹಗುರವಾಗಿ ಎಣಿಸಲಾರರು. 2019ರ ಬೇಸಗೆಯಲ್ಲಿ ಲಾರಿಯ ನೀರಿಗಾಗಿ ಕಾದ ಚೆನ್ನೈಯ ನಿವಾಸಿಗಳನ್ನು ಕೇಳಿದರೆ, ಬಾವಿಯಿದೆಯೇ, ಕಾರ್ಪೊರೇಶನ್ನಿನ ನೀರು ಬರುತ್ತದೆಯೇ ಎಂದು ಮೊದಲು ವಿಚಾರಿಸಿಕೊಳ್ಳಲು ಹೇಳುವರು.

ಇಷ್ಟೆಲ್ಲವನ್ನೂ ಹಣ ಮತ್ತು ಜಾಗರೂಕತೆಗಳಿಂದ ದಾಟಬಹುದು. ದಾಟಲಾಗದ ಕಂದಕ ಇನ್ನೊಂದಿದೆ. ನೀವು ಯಾವ ಜನ, ಏನು ಉಣ್ಣುತ್ತೀರಿ, ಮದುವೆಯಾಗಿದೆಯೇ ಎಂಬ ಪ್ರಶ್ನೆಗಳು ಬಾಗಿಲಲ್ಲಿಯೇ ಎದುರಾಗುತ್ತವೆ. ಮೀನು ತಿನ್ನುವ ಕರಾವಳಿಯವನಿಗೂ, ಒಂಟಿಯಾಗಿ ದುಡಿಯಲು ಬಂದ ಹೆಣ್ಣುಮಗಳಿಗೂ, ಮುಸಲ್ಮಾನ ಬಂಧುವಿಗೂ, ದಲಿತ ಬಂಧುವಿಗೂ ಈ ಪ್ರಶ್ನೆಗಳ ಅರ್ಥ ಚೆನ್ನಾಗಿ ತಿಳಿದಿದೆ. ಭಾರತದ ಯಾವ ಭಾಗದಲ್ಲಾದರೂ ವಾಸಿಸಿ ನೆಲಸುವ ಹಕ್ಕನ್ನು ಸಂವಿಧಾನದ 19ನೆಯ ವಿಧಿಯು ಪ್ರತಿಯೊಬ್ಬ ಪ್ರಜೆಗೂ ಕೊಟ್ಟಿದೆ. ಆದರೆ ಖಾಸಗಿ ಮಾಲೀಕನ ಬಾಗಿಲನ್ನು ತೆರೆಸುವ ಶಕ್ತಿ ಅದಕ್ಕಿಲ್ಲ. ಅಹಮದಾಬಾದಿನ ಪಾರಸಿ ಗೃಹನಿರ್ಮಾಣ ಸಂಘವೊಂದು ತನ್ನ ಸದಸ್ಯತ್ವವನ್ನು ಸ್ವಸಮಾಜದವರಿಗೆ ಮಾತ್ರ ಮೀಸಲಿಟ್ಟ ನಿಯಮವನ್ನು ಸರ್ವೋಚ್ಚ ನ್ಯಾಯಾಲಯವು 2005ರಲ್ಲಿ ಎತ್ತಿಹಿಡಿದಿದೆ. ಹೀಗಿರಲು, ಕಾನೂನಿನಿಂದ ಆಗದುದನ್ನು ಸಮಾಜದ ವಿವೇಕವೇ ಮಾಡಬೇಕಾಗಿದೆ. ಈ ವಿವೇಕವನ್ನು ಅನ್ಯರಿಂದ ನಿರೀಕ್ಷಿಸುವ ಮುನ್ನ ನಮ್ಮ ಮನೆಯನ್ನೇ ನೋಡಿಕೊಳ್ಳುವುದು ಯುಕ್ತವಲ್ಲವೆ? ಮುಂಬಯಿ ಪುಣೆಗಳಲ್ಲಿ ಎರಡನೆಯ ಮನೆಯನ್ನು ಕೊಂಡು ಬಾಡಿಗೆಗೆ ಕೊಟ್ಟ ಕನ್ನಡಿಗರು ಅನೇಕರಿದ್ದಾರೆ. ಊರು ಯಾವುದೆಂದು ಕೇಳಿ, ಮರುಕ್ಷಣವೇ ಜಾತಿ ಯಾವುದೆಂದು ಕೇಳುವವರು ಅವರಲ್ಲಿಯೂ ಇಲ್ಲದಿಲ್ಲ. ಬೆಂಗಳೂರಿಗೆ ಬಂದ ಪರಭಾಷಿಕರಿಗೂ ಇದೇ ಪ್ರಶ್ನೆಗಳು ಎದುರಾಗುತ್ತಿವೆ. ಹೊರನಾಡಿನಲ್ಲಿ ನಾವು ಬಯಸುವ ಆದರವನ್ನು ಒಳನಾಡಿನಲ್ಲಿ ಇತರರಿಗೆ ನೀಡದಿದ್ದರೆ ನಮ್ಮ ದೂರಿಗೆ ಬೆಲೆಯಿರದು.

ನಮ್ಮ ಹಿಂದಿನವರು ಈ ಕಷ್ಟವನ್ನು ಎದುರಿಸಿದ ರೀತಿ ಸ್ಮರಣೀಯವಾಗಿದೆ. ಕೆನರಾ ಜಿಲ್ಲೆಗಳಿಂದ ಮುಂಬಯಿಗೆ ಬಂದ ಚಿತ್ರಾಪುರ ಸಾರಸ್ವತರಲ್ಲಿ ರಾವ್ ಬಹದ್ದೂರ್ ಶ್ರೀಪಾದ ಸುಬ್ರಾವ್ ತಲಮಕಿಯವರು 1906ರಲ್ಲಿ ತಮ್ಮ ಗುರುಗಳ ಹೆಸರಿನಲ್ಲಿ ಶಾಮರಾವ್ ವಿಠಲ್ ಸಹಕಾರಿ ಸಂಘವನ್ನು ಆರಂಭಿಸಿದರು. 1915ರಲ್ಲಿ ಗಾಮದೇವಿಯಲ್ಲಿ ತಲೆಯೆತ್ತಿದ ಸಾರಸ್ವತ ಸಹಕಾರಿ ಗೃಹನಿರ್ಮಾಣ ಸಂಘವು ಈ ದೇಶದ ಮೊದಮೊದಲ ಅಂಥ ಸಂಸ್ಥೆಗಳಲ್ಲೊಂದು. ತಾಡದೇವದ ತಲಮಕಿವಾಡಿಯು ಇಂದಿಗೂ ಅವರ ಹೆಸರನ್ನು ಹೊತ್ತಿದೆ. ಕರಾವಳಿಯಿಂದ ಬರಿಗೈಯಲ್ಲಿ ಬಂದ ಹುಡುಗರಿಗೆ, ಹಗಲು ದುಡಿಯುವ ಹೋಟೆಲೇ ರಾತ್ರಿ ಮಲಗುವ ಮನೆಯೂ ಆಗಿತ್ತು. ಸಂಜೆಯ ಕನ್ನಡ ರಾತ್ರಿಶಾಲೆಗಳು ಅವರಿಗೆ ಅಕ್ಷರವನ್ನು ಕೊಟ್ಟವು. ಆ ಕಾಲದ ಆಸರೆಯು ಬಹುಮಟ್ಟಿಗೆ ಜಾತಿಯ ಆವರಣದೊಳಗೇ ಇದ್ದಿತೆಂಬುದು ದಿಟ. ಬೇರೆ ದಿಕ್ಕಿಲ್ಲದ ದಿನಗಳಲ್ಲಿ ಅದು ಸಹಜವೂ ಆಗಿತ್ತು. ಇಂದು ಆ ಸಹಕಾರದ ತತ್ತ್ವವನ್ನು ಉಳಿಸಿಕೊಂಡು, ಆವರಣವನ್ನು ಕನ್ನಡಿಗರೆಲ್ಲರಿಗೂ ವಿಸ್ತರಿಸಬೇಕಾಗಿದೆ.

ಈ ದಿಶೆಯಲ್ಲಿ ನಮ್ಮ ಸಂಘಸಂಸ್ಥೆಗಳಿಗೆ ಮೂರು ಕೆಲಸಗಳನ್ನು ನಾವು ಸೂಚಿಸಬಯಸುತ್ತೇವೆ. ಮೊದಲನೆಯದು, ಪ್ರತಿಯೊಂದು ಕನ್ನಡ ಸಂಘವೂ ಬಾಡಿಗೆ ಮನೆಗಳ ಒಂದು ವಹಿಯನ್ನು ಇಡಬೇಕು. ಮನೆಯುಳ್ಳ ಸದಸ್ಯರು ಅದರಲ್ಲಿ ಹೆಸರು ಬರೆಸಲಿ. ಹೊಸಬರು ದಲಾಲಿಯಿಲ್ಲದೆ ಮನೆಯನ್ನು ಕಾಣಲಿ. ಜಾತಿಯನ್ನು ಕೇಳುವ ಮಾಲೀಕನ ಮನೆಗೆ ಆ ವಹಿಯಲ್ಲಿ ಸ್ಥಾನವಿರಕೂಡದು. ಎರಡನೆಯದು, ನಮ್ಮವರು ಕಟ್ಟಿ ಬೆಳೆಸಿದ ಸಹಕಾರಿ ಬ್ಯಾಂಕುಗಳೂ ಪತ್ತಿನ ಸಂಘಗಳೂ ನೋಂದಾಯಿತ ಕರಾರನ್ನು ನೋಡಿ, ಠೇವಣಿಯ ಹಣವನ್ನು ಹನ್ನೊಂದು ಕಂತುಗಳ ಸಣ್ಣ ಸಾಲವಾಗಿ ಕೊಡುವ ಯೋಜನೆಯನ್ನು ಪರಿಶೀಲಿಸಬೇಕು. ಮೂರನೆಯದು, ವಾರಕ್ಕೊಂದು ಸಂಜೆ ನಮ್ಮ ವಕೀಲರಲ್ಲಿ ಒಬ್ಬರು ಸಂಘದ ಕಚೇರಿಯಲ್ಲಿ ಕುಳಿತು, ಮರಾಠಿ, ತಮಿಳು ಅಥವಾ ಇಂಗ್ಲಿಷಿನಲ್ಲಿರುವ ಕರಾರುಪತ್ರವನ್ನು ಹೊಸಬರಿಗೆ ಕನ್ನಡದಲ್ಲಿ ಓದಿ ತಿಳಿಸಬೇಕು. ಅರ್ಥವಾಗದ ಕಾಗದಕ್ಕೆ ರುಜು ಹಾಕುವ ದುರ್ಗತಿ ಇದರಿಂದ ತಪ್ಪುವುದು. ವಾರ್ಷಿಕೋತ್ಸವಕ್ಕೂ ಸನ್ಮಾನಕ್ಕೂ ಲಕ್ಷಗಳನ್ನು ಕೂಡಿಸಬಲ್ಲ ಸಂಸ್ಥೆಗಳಿಗೆ ಇವು ಅಸಾಧ್ಯವಾದ ಕಾರ್ಯಗಳಲ್ಲ. ಮನೆ ಹುಡುಕುವ ದಿನ ತನಗೆ ನೆರವಾದ ಸಂಘವನ್ನು ತರುಣನು ಮರೆಯುವುದಿಲ್ಲ. ಸಭೆಗಳಿಗೆ ಯುವಕರು ಬರುತ್ತಿಲ್ಲವೆಂಬ ನಮ್ಮ ಹಿರಿಯರ ಕೊರಗಿಗೂ ಇದರಲ್ಲಿಯೇ ಪರಿಹಾರವಿದೆ.

ಹೊಸದಾಗಿ ಬಂದವರ ಕರ್ತವ್ಯವೂ ಇಲ್ಲದಿಲ್ಲ. ಸೇರಿದ ನಾಡಿನ ಭಾಷೆಯನ್ನು ಮನಸ್ಸಿಟ್ಟು ಕಲಿಯಬೇಕು. ಬಾಡಿಗೆಯನ್ನು ಸಕಾಲದಲ್ಲಿ ಕೊಟ್ಟು ರಸೀದಿಯನ್ನು ಪಡೆಯಬೇಕು. ಬಿಡುವಾಗ ಮನೆಯನ್ನು ಹಿಡಿದಾಗ ಇದ್ದಂತೆಯೇ ಒಪ್ಪಿಸಬೇಕು. ಒಬ್ಬನು ನಂಬಿಕೆಯಿಂದ ನಡೆದುಕೊಂಡರೆ ಅವನ ಹಿಂದೆ ಬರುವ ಹತ್ತು ಮಂದಿ ಕನ್ನಡಿಗರಿಗೆ ಆ ಬಾಗಿಲು ತೆರೆದಿರುತ್ತದೆ. ಒಬ್ಬನು ತಪ್ಪಿ ನಡೆದರೆ ಹತ್ತು ಮಂದಿಗೆ ಮುಚ್ಚುತ್ತದೆ. ಮುಂದಿನ ಜೂನ್ ತಿಂಗಳಲ್ಲಿ ಶಾಲೆಗಳು ತೆರೆಯುವುದರೊಳಗಾಗಿ ಒಂದು ಊರಿನ ಒಂದು ಸಂಘವಾದರೂ ಇಂಥ ವಹಿಯನ್ನು ತೆರೆದರೆ, ಅದರ ವಿಳಾಸವನ್ನು ಈ ಪುಟಗಳಲ್ಲಿ ಸಂತೋಷದಿಂದ ಪ್ರಕಟಿಸಲು ನಾವು ಸಿದ್ಧರಿದ್ದೇವೆ.